ದಡ್ಡ ಇನ್ಸ್‌ಪೆಕ್ಟರಿಗೆ ಐದು ಸ್ಟಾರ್

"ಈ ಪೊಲೀಸನಿಗಿಂತ ನಮ್ಮ ಮನೆಯ ನಾಯಿಗೆ ಬುದ್ಧಿ ಹೆಚ್ಚು" ಎಂದು ಯಾರೋ ಬರೆದಿದ್ದರು. ಕಮಲಾಕ್ಷರು ಅದಕ್ಕೆ ಲೈಕ್ ಒತ್ತಿದರು.

"ಇವನಿಗೆ ಶೀತ ಹಿಡಿಯಿತೇ ಹೊರತು ಇವನು ಯಾರನ್ನೂ ಹಿಡಿಯಲಿಲ್ಲ" ಎಂದು ಇನ್ನೊಬ್ಬರು. ಅದಕ್ಕೂ ಒಂದು ಲೈಕ್.

ಸಿನಿಮಾ ಮೂಡುಬಿದಿರೆಯಲ್ಲಿ ನಾಲ್ಕು ದಿನ ಓಡಿತ್ತು. ಓಡಿತ್ತು ಎನ್ನುವುದು ಮರ್ಯಾದೆಗೆ, ಕೊನೆಯ ದಿನ ಥಿಯೇಟರಿನಲ್ಲಿ ಇದ್ದದ್ದು ಏಳು ಜನ. ಆರು ತಿಂಗಳ ನಂತರ ಮೊಬೈಲಿಗೆ ಬಂತು. ಯಾರೋ ಒಬ್ಬರು "ಜನ ಕೈಬಿಟ್ಟ ಒಳ್ಳೆಯ ಸಿನಿಮಾ" ಎಂದರು. ಅಲ್ಲಿಂದ ಅಭಿಪ್ರಾಯಗಳ ಸುರಿಮಳೆ. ಛಾಯಾಗ್ರಹಣ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ, ಇನ್ಸ್‌ಪೆಕ್ಟರ್ ಮಾತ್ರ ಶುದ್ಧ ದಡ್ಡ. ಜೀಪಿನಲ್ಲಿ ನಿದ್ದೆ ಮಾಡುತ್ತಾನೆ, ಹೋದ ಮನೆಯಲ್ಲೆಲ್ಲ ತಿನ್ನುತ್ತಾನೆ, ನಿನ್ನೆ ನೋಡಿದವರ ಮುಖ ಇವತ್ತು ಮರೆಯುತ್ತಾನೆ.

ಆ ಇನ್ಸ್‌ಪೆಕ್ಟರ್ ಈಗ ನಿವೃತ್ತರಾಗಿರುವ ಕಮಲಾಕ್ಷರೇ ಎಂದು ಬಂಟ್ವಾಳಕ್ಕೆಲ್ಲ ಗೊತ್ತಿತ್ತು. ನಿರ್ದೇಶಕ ರೋಹಿತ್ ಕಮಲಾಕ್ಷರ ಹೆಂಡತಿಯ ತಂಗಿಯ ಮಗ. ಅವನಿಗೆ ಕಥೆ ಹೇಳಿದವರು ನಿವೃತ್ತ ಕಾನ್‌ಸ್ಟೇಬಲ್ ರುಕ್ಮಯ್ಯ.

ಇಪ್ಪತ್ತೊಂದು ವರ್ಷದ ಹಿಂದಿನ ಕೇಸು. ಕೊಕ್ಕಡದ ಜಯಪ್ರಕಾಶ್ ಎಂಬವರ ಕಪಾಟಿನಿಂದ ಹದಿನೆಂಟು ಪವನ್ ಬಂಗಾರ ಮಾಯವಾಗಿತ್ತು. ಬಂಗಾರ ಅವರದ್ದಲ್ಲ, ತೀರಿಹೋದ ತಮ್ಮನ ಹೆಂಡತಿ ಲೋಲಾಕ್ಷಿಯದು, ಅವಳ ತವರಿನವರು ಕೊಟ್ಟದ್ದು. ಕೀಲಿಕೈ ಮಾತ್ರ ಜಯಪ್ರಕಾಶರ ಸೊಂಟದಲ್ಲಿ. ಕಮಲಾಕ್ಷರು ಮೂರು ದಿನ ಮನೆ ಜಾಲಾಡಿದರು. ಕಳ್ಳ ಸಿಗಲಿಲ್ಲ, ಮಾಲೂ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ವರ್ಗಾವಣೆ. ತನಿಖೆಯ ನಡುವೆ ಅವರು ಅಡುಗೆಮನೆಯ ಉಪ್ಪಿನಕಾಯಿ ಭರಣಿಗೆ ಕೈ ಹಾಕಿ ಮಾವಿನಕಾಯಿ ತಿಂದದ್ದನ್ನು ರುಕ್ಮಯ್ಯ ಸಿಕ್ಕಿದವರಿಗೆಲ್ಲ ಹೇಳಿ ನಗಿಸಿದ್ದರು. ಸಿನಿಮಾದಲ್ಲೂ ಜನ ನಕ್ಕದ್ದು ಅದೊಂದೇ ಕಡೆ.

ಸೋಮವಾರ ಊಟದ ಹೊತ್ತಿಗೆ ಹೊಸ ಅಭಿಪ್ರಾಯ ಬಂತು. ಐದು ಸ್ಟಾರ್. ಬರೆದವರ ಹೆಸರು ಗುಬ್ಬಿ.

"ಇನ್ಸ್‌ಪೆಕ್ಟರ್ ದಡ್ಡ ಅಲ್ಲ. ಭರಣಿಯ ದೃಶ್ಯ ಇನ್ನೊಮ್ಮೆ ನೋಡಿ. ಮಾವಿನಕಾಯಿ ಮೇಲೆಯೇ ಉಂಟು. ತಿನ್ನಲಿಕ್ಕೆ ಬಂದವನು ಮೊಣಕೈವರೆಗೆ ಕೈ ಇಳಿಸುವುದು ಯಾಕೆ?"

ಹೆಂಡತಿ ಶಶಿಪ್ರಭಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. "ಅಂತೂ ಒಬ್ಬರಿಗಾದರೂ ನಿಮ್ಮ ಬೆಲೆ ಗೊತ್ತಾಯಿತಲ್ಲ ಮಾರಾಯ್ರೇ! ಒಂದು ಥ್ಯಾಂಕ್ಸ್ ಹೇಳಿ."

ಕಮಲಾಕ್ಷರು ಅರ್ಧ ಊಟಕ್ಕೇ ಕೈ ತೊಳೆದರು. ಬೈಗುಳವನ್ನೆಲ್ಲ ಸಲೀಸಾಗಿ ಅರಗಿಸಿಕೊಂಡ ಮನುಷ್ಯನಿಗೆ ಹೊಗಳಿಕೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಸಂಜೆಗೆ ಅದಕ್ಕೆ ಮುನ್ನೂರು ಲೈಕ್ ಬಿದ್ದಿತ್ತು. ರುಕ್ಮಯ್ಯ ಫೋನ್ ಮಾಡಿದರು. "ಸರ್, ಹೌದಾ ಅದು? ಆ ಜಯಪ್ರಕಾಶರ ಕಿವಿಗೆ ಬಿದ್ದರೆ ಕೇಸು ಪುನಃ ತೆಗೆಸಿಯಾರು."

"ನಿನಗೆಂತ ಮರುಳಾ?" ಎಂದು ಕಮಲಾಕ್ಷರು ಫೋನ್ ಇಟ್ಟರು.

ಆಮೇಲೆ ಗುಬ್ಬಿಯನ್ನು ಹುಡುಕಲು ಕುಳಿತರು. ಅದೇ ಹೆಸರಿನಲ್ಲಿ ಮೂಡುಬಿದಿರೆಯ ಒಂದು ಹೋಟೆಲಿನ ಬನ್ಸಿಗೆ ಮೂರು ಸ್ಟಾರ್ ಇತ್ತು. ಒಬ್ಬ ಹಲ್ಲಿನ ಡಾಕ್ಟರರಿಗೆ ಎರಡು. ಮೋಕ್ಷಿತಾ ಟೈಲರ್ಸ್‌ಗೆ ಐದು: "ನನ್ನದೇ ಅಂಗಡಿ. ಬಸ್ ನಿಲ್ದಾಣದ ಹಿಂದೆ, ಮೊದಲ ಮಹಡಿ." ಹತ್ತೇ ನಿಮಿಷದ ಕೆಲಸ. ಮೂವತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಬೇಗ ಅವರು ಯಾರನ್ನೂ ಪತ್ತೆ ಹಚ್ಚಿರಲಿಲ್ಲ. ಆ ಗಾಬರಿಯಲ್ಲೂ ಕೊಂಚ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಬಸ್ಸು ಹತ್ತಿದರು. ಅಂಗಡಿಯಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸು ಒಬ್ಬರೇ ಇದ್ದರು. ಕನ್ನಡಕ, ಕುತ್ತಿಗೆಯಲ್ಲಿ ಅಳತೆ ಟೇಪು.

"ಗುಬ್ಬಿ ಅಂದರೆ ನೀವೇನಾ?"

"ಹೌದು. ಎಂತ ಹೊಲಿಸಲಿಕ್ಕುಂಟು?"

"ಹೊಲಿಸಲಿಕ್ಕಲ್ಲ. ಸಿನಿಮಾದ ಬಗ್ಗೆ ಬರೆದಿದ್ದೀರಲ್ಲ, ಅದನ್ನು ತೆಗೆಯಬೇಕು."

"ಹೊಗಳಿ ಬರೆದದ್ದಲ್ವಾ? ಬೈದದ್ದು ಇನ್ನೂರು ಉಂಟು. ಮೊದಲು ಅದನ್ನು ತೆಗೆಸಿ."

"ಬೈದದ್ದೆಲ್ಲ ಸರಿಯೇ. ಆ ಇನ್ಸ್‌ಪೆಕ್ಟರ್ ನಾನು. ನಾನೇ ಹೇಳ್ತೇನೆ, ದಡ್ಡ."

ಹೆಂಗಸು ಸೂಜಿಗೆ ನೂಲು ಪೋಣಿಸಿದರು. "ಮತ್ತೆ ಕೈಯನ್ನು ಅಷ್ಟು ಅಡಿಗೆ ಹಾಕಿದ್ದು?"

"ಹೊಟ್ಟೆಬಾಕತನ. ಅಡಿಯದ್ದಕ್ಕೆ ಉಪ್ಪು ಚೆನ್ನಾಗಿ ಹಿಡಿದಿರುತ್ತದೆ."

"ಅಷ್ಟೇ ಆದರೆ ನಾನು ಬರೆದದ್ದು ಇರಲಿ ಬಿಡಿ. ಯಾರಿಗೆ ನಷ್ಟ?"

ಕಮಲಾಕ್ಷರ ತಾಳ್ಮೆ ತಪ್ಪಿತು. "ಅಮ್ಮಾ, ಎಲ್ಲಿಯೋ ಒಬ್ಬಳು ಹೆಂಗಸು ತನ್ನ ಪಾಡಿಗೆ ಬದುಕಿಕೊಂಡಿರಬಹುದು. ನಿಮ್ಮ ನಾಲ್ಕು ಸಾಲು ಓದಿ ಆ ಜಯಪ್ರಕಾಶ್ ಅವಳ ಬಾಗಿಲಿಗೆ ಹೋದರೆ? ದಡ್ಡ ಅನ್ನಿಸಿಕೊಂಡು ನನಗೆ ಅಭ್ಯಾಸ ಉಂಟು. ಕಳ್ಳಿ ಅನ್ನಿಸಿಕೊಂಡು ಅವಳಿಗೆ ಅಭ್ಯಾಸ ಇಲ್ಲ."

ಹೆಂಗಸಿನ ಕೈ ನಿಂತಿತು. ಅವರು ಫೋನ್ ಎತ್ತಿಕೊಂಡು ಏನೋ ಒತ್ತಿ, ಪರದೆಯನ್ನು ಕಮಲಾಕ್ಷರ ಕಡೆ ತಿರುಗಿಸಿದರು. ಅಭಿಪ್ರಾಯ ಅಲ್ಲಿರಲಿಲ್ಲ.

"ದೊಡ್ಡ ಉಪಕಾರ" ಎಂದು ಕಮಲಾಕ್ಷರು ಮೆಟ್ಟಿಲ ಕಡೆ ತಿರುಗಿದರು.

"ಅದು ಹೊಗಳಲಿಕ್ಕೆ ಬರೆದದ್ದಲ್ಲ ಸರ್" ಎಂದಳು ಲೋಲಾಕ್ಷಿ. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಜಯಪ್ರಕಾಶ್ ಬಾವ ತೀರಿಹೋಗಿ ವರ್ಷ ಆಯಿತು, ಹೆದರಬೇಡಿ. ಆ ದಿನ ಭರಣಿಯ ಅಡಿಯಲ್ಲಿ ಅಡಗಿಸಿಟ್ಟ ನನ್ನ ಬಂಗಾರ ನಿಮ್ಮ ಕೈಗೆ ತಾಗಿತ್ತೋ ಇಲ್ಲವೋ ಅಂತ ನನಗೆ ಇಷ್ಟು ವರ್ಷ ಗೊತ್ತಾಗಲಿಲ್ಲ. ತಾಗದವರಾಗಿದ್ದರೆ ಅಳಿಸಿ ಅಂತ ಇಲ್ಲಿಯವರೆಗೆ ಬರುತ್ತಿರಲಿಲ್ಲ. ನಿಮ್ಮಿಂದ ಹುಡುಕಲಿಕ್ಕೆ ಆಗುವುದೋ ಇಲ್ಲವೋ ಅಂತ ಅಂಗಡಿಯ ವಿಳಾಸವನ್ನೂ ನಾನೇ ಹಾಕಿಟ್ಟಿದ್ದೆ."