ಇಟ್ರಿಯಂ ತಟ್ಟೆ

ಪ್ರಯೋಗಾಲಯದ ಕುಲುಮೆಯಿಂದ ತೆಗೆದ ಎರಡು ತಟ್ಟೆ ತುಂಬ ಇದ್ದ ಬಿಲ್ಲೆಗಳನ್ನು ಅಳೆದು ನೋಡಿದ ಇಲ್ಹೋಮ್ ತಲೆ ಮೇಲೆ ಕೈಹೊತ್ತು ಕೂತ. ಎರಡೂ ಸತುವಿನ ಆಕ್ಸೈಡಿಗೆ ಬಿಸ್ಮತ್ ಬೆರೆಸಿ ಮಾಡಿದವು. ಒಂದು ತಟ್ಟೆಯವಕ್ಕೆ ಮಾತ್ರ ಚಿಟಿಕೆ ಇಟ್ರಿಯಂ ಹೆಚ್ಚು. ಸಿಡಿಲು ಬಡಿದಾಗಷ್ಟೇ ವಿದ್ಯುತ್ತಿಗೆ ದಾರಿ ಬಿಡಬೇಕಾದ ಬಿಲ್ಲೆಗಳು ಸುಮ್ಮಸುಮ್ಮನೆ ಸೋರುತ್ತಿದ್ದವು. ಹರಳುಗಳ ನಡುವೆ ತಡೆಗೋಡೆ ಕಟ್ಟುವ ಬಿಸ್ಮತ್ತೇ ಆವಿಯಾಗಿ ಹೋಗಿತ್ತು. ಎಕ್ಸ್‌-ರೇ ಚಿತ್ರದಲ್ಲಿ ಅದರ ಗೆರೆಯೇ ಇಲ್ಲ.

ಇಟ್ರಿಯಂ ಇದ್ದರೆ ಬಿಸ್ಮತ್ ಹಾರಿಹೋಗದು ಎಂಬುದೇ ಇಲ್ಹೋಮನ ಡಾಕ್ಟರೇಟ್ ಪ್ರಬಂಧ. ಮೂರು ವರ್ಷ ಪ್ರತಿ ಸಲವೂ ಸಾದಾ ತಟ್ಟೆ ಕೆಟ್ಟು ಇಟ್ರಿಯಂ ತಟ್ಟೆ ಗೆದ್ದಿತ್ತು. ಬರುವ ಗುರುವಾರ ತಾಷ್ಕೆಂಟಿನ ಘಟಾನುಘಟಿಗಳ ಮುಂದೆ ಅವನು ಅದನ್ನು ಸಮರ್ಥಿಸಬೇಕಿತ್ತು.

ಕುಲುಮೆ ನೋಡಿಕೊಳ್ಳುವ ಸನೋಬರ್ ಅಕ್ಕ ಮಗಳ ಬಾಣಂತನದ ನಲವತ್ತು ದಿನ ಮುಗಿಸಿ ಅಂದೇ ಕೆಲಸಕ್ಕೆ ಬಂದಳು. ಮೊಮ್ಮಗನ ಹೆಸರಲ್ಲಿ ಎಲ್ಲರಿಗೂ ಕಲ್ಲುಸಕ್ಕರೆ ಹಂಚಿ ಇವನ ಬಳಿ ನಿಂತಳು.

"ಏನ್ ತಮ್ಮಾ, ನಾನಿಲ್ದೆ ಕುಲುಮೆ ಮುನಿಸ್ಕೊಂಡಿತಾ?"

"ಮೂರು ಸಲ ನಾನೇ ಸುಟ್ಟೆ ಅಕ್ಕಾ. ಅದೇ ಶಾಖ, ಅಷ್ಟೇ ಹೊತ್ತು. ಎಲ್ಲಾ ಹಾಳು."

"ತಟ್ಟೆ ಮೇಲೆ ಬೋಗುಣಿ ಮುಚ್ಚಿದ್ಯೋ ಇಲ್ವೋ?"

"ಯಾವ ಬೋಗುಣಿ?"

"ಅಯ್ಯೋ, ಆ ಮೂಲೇಲಿರೋದು! ಮನೇಲಿ ರೊಟ್ಟೀನ ಯಾರಾದ್ರೂ ತೆರೆದಿಡ್ತಾರಾ? ಹಾಗೇ ಇದನ್ನೂ ಮುಚ್ತಿದ್ದೆ. ಬೆಳಿಗ್ಗೆ ನೀನು ಬರೋಷ್ಟರಲ್ಲಿ ತೆಗೆದಿಡ್ತಿದ್ದೆ."

ಇಲ್ಹೋಮ್ ಮೂಲೆಯತ್ತ ತಿರುಗಿದ. "ಎರಡು ತಟ್ಟೆಗೂನಾ?"

"ಇರೋದೊಂದು ಬೋಗುಣಿ. ಇಟ್ರಿಯಂ ತಟ್ಟೆಗೆ ಮಾತ್ರ."

ಮಾರನೇ ದಿನ ಬೋಗುಣಿಯನ್ನು ಸಾದಾ ತಟ್ಟೆಗೆ ಕವುಚಿ ಸುಟ್ಟರು. ಬಿಲ್ಲೆಗಳು ಸೋರದೆ ಚೊಕ್ಕವಾಗಿ ಬಂದವು. ಎಕ್ಸ್‌-ರೇಯಲ್ಲಿ ಬಿಸ್ಮತ್ತಿನ ಗೆರೆ ನೆಟ್ಟಗೆ ನಿಂತಿತ್ತು. ಮುಚ್ಚದೆ ಬಿಟ್ಟ ಇಟ್ರಿಯಂ ತಟ್ಟೆ ಮತ್ತೆ ಕೆಟ್ಟಿತ್ತು. ಬಿಸ್ಮತ್ತನ್ನು ಹಿಡಿದಿಟ್ಟದ್ದು ಬೋಗುಣಿ, ಇಟ್ರಿಯಂ ಅಲ್ಲ. ಮೂರು ವರ್ಷದ ದುಡಿಮೆ ಮಣ್ಣುಪಾಲಾಯಿತು. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ.

"ಎಷ್ಟು ಚೆನ್ನಾಗಿ ಬಂದಿವೆ ನೋಡು!" ಎಂದು ಸನೋಬರ್ ಅಕ್ಕ ಹಿಗ್ಗಿದಳು.

"ಅಕ್ಕಾ, ಇಷ್ಟು ವರ್ಷ ಆ ಒಂದು ತಟ್ಟೇನೇ ಯಾಕೆ ಮುಚ್ಚಿದ್ರಿ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ಅವಳು ಅವನನ್ನು ನೋಡಿದಳು.

"ಅದು ಗೆದ್ರೆ ತಾನೇ ನೀನು ಡಾಕ್ಟರ್ ಆಗೋದು?"