ಆಕ್ಸಿಲರೇಟರ್ ಗೋದಮ್ಮನ ಕೈಲಿ

ಮದ್ದೂರು ಬಸ್ ಸ್ಟ್ಯಾಂಡ್ ದಾಟಿ ನೂರು ಗಜ ಹೋಗಿಲ್ಲ, ರಾಮಾನುಜನ ಮೋಟಾರ್ ಸೈಕಲ್ಲಿನ ಆಕ್ಸಿಲರೇಟರ್ ವೈರು ಪಟ್ ಅಂತ ಕಿತ್ತುಹೋಯಿತು. ಗಂಟೆ ಹತ್ತು. ಹಿಂದೆ ಕೂತಿದ್ದ ತಂಗಿ ಗೋದಮ್ಮನಿಗೆ ಹನ್ನೊಂದಕ್ಕೆ ಮಂಡ್ಯದಲ್ಲಿ ಟೈಪಿಸ್ಟ್ ಕೆಲಸದ ಪರೀಕ್ಷೆ. ಕೆಲಸ ಸಿಕ್ಕರೆ ಮದುವೆ ಅವಳಿಷ್ಟ. ಇಲ್ಲದಿದ್ದರೆ ಅಪ್ಪ ನೋಡಿಟ್ಟಿರುವ ನಲವತ್ತೆರಡು ವರ್ಷದ ಎರಡನೇ ಸಂಬಂಧದ ವರ ಭಾನುವಾರ ತಾಂಬೂಲಕ್ಕೆ ಬರುತ್ತಾನೆ.

ರಾಮಾನುಜ ಇಳಿದು ಮೊದಲು ಕ್ರಾಪು ಸರಿಮಾಡಿಕೊಂಡ. "ಗೋದಾ, ವಿಧಿ ಅಡ್ಡ ನಿಂತಿದೆ! ಅದರ ಮುಂದೆ ಮನುಷ್ಯ ಬರೀ ತರಗೆಲೆ!" ಎದುರಿಗೆ ಕ್ಯಾಮೆರಾ ಇಲ್ಲದಿದ್ದರೂ ಅವನು ಮಾತಾಡುವುದೇ ಹಾಗೆ.

"ವಿಧಿಯಲ್ಲ ಕಣೋ, ವೈರು. ತಳ್ಳು ಗಾಡೀನ."

ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಜಲಾಲ್ ನೋಡಿ ತಲೆಯಾಡಿಸಿದ. "ಹೊಸ ವೈರು ಮೈಸೂರಿಂದ ಬರ್ಬೇಕು ಸ್ವಾಮಿ. ಬಸ್ಸು ಹತ್ತಿದ್ರೆ ಕಬ್ಬಿನ ಗಾಡಿ ಹಿಂದೆ ಸಿಕ್ಕಿ ಮಂಡ್ಯ ಸೇರೋಕೆ ಹನ್ನೆರಡಾಗ್ತದೆ." ಕಿತ್ತ ವೈರಿನ ಉಳಿದ ತುಂಡನ್ನು ಸೀಟಿನ ಕೆಳಗಿಂದ ಎಳೆದು, ಒಂದು ಸಣ್ಣ ಸ್ಪ್ಯಾನರಿಗೆ ಸುತ್ತಿ ಗೋದಮ್ಮನ ಕೈಗಿಟ್ಟ. "ಎಳೆದ್ರೆ ಓಡ್ತದೆ, ಬಿಟ್ರೆ ನಿಧಾನ ಆಗ್ತದೆ. ಇವರ ಒಂದು ಕೈ ಕ್ಲಚ್ಚಿಗೆ, ಒಂದು ಬ್ರೇಕಿಗೆ. ಮೂರನೇದು ನಿಮ್ದೇ ಅಮ್ಮಾ."

ಊಟಿ, ಮಡಿಕೇರಿ ಸುತ್ತಬೇಕೆಂದು ರಾಮಾನುಜ ಕೊಂಡ ಗಾಡಿ ಅದು. ಎಮ್ಮೆ ಅಡ್ಡ ಬಂದರೂ ಇಳಿದು ನಿಲ್ಲುವ ಸವಾರ ಅವನು. ಈಗಂತೂ ರಸ್ತೆ ತುಂಬ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಎತ್ತಿನಗಾಡಿಗಳು, ಎದುರಿಗೆ ಬಸ್ಸು, ಬೆನ್ನಿಗೆ ಲಾರಿ. ಗೆಜ್ಜಲಗೆರೆ ಹತ್ತಿರ ಒಂದು ಕಬ್ಬಿನ ಗಾಡಿಯ ಹಿಂದೆ ಸಿಕ್ಕಿಕೊಂಡವನು ಅಲ್ಲೇ ಇದ್ದುಬಿಟ್ಟ. ಕಬ್ಬಿನ ಸೋಗೆ ಮುಖಕ್ಕೆ ಸವರುತ್ತಿತ್ತು. ಗೋದಮ್ಮ ವಾಚು ನೋಡಿದಳು. ಹತ್ತೂವರೆ ದಾಟಿತ್ತು.

"ಮುಂದೆ ಹೋಗೋ!"

"ಹೊತ್ತಾಯ್ತಲ್ಲೇ, ಇನ್ನೇನು ಸಿಗತ್ತೆ? ವಾಪಸ್ ತಿರುಗಿಸಲಾ? ಆ ವರಾನೂ ಒಳ್ಳೆಯವನೇ ಕಣೇ, ಎರಡು ಮನೆ ಇದೆ..."

ಗೋದಮ್ಮ ವೈರು ಎಳೆದಳು.

ತಿರುಗಿಸಲೆಂದು ಅವನು ಹ್ಯಾಂಡಲನ್ನು ಆಗಲೇ ಬಲಕ್ಕೆ ವಾಲಿಸಿದ್ದ; ಮೋಟಾರ್ ಸೈಕಲ್ಲು ಗುರ್ ಎಂದು ಅತ್ತಲೇ ನುಗ್ಗಿತು. ಎದುರಿಗೆ ಬಸ್ಸು, ದೀಪ ಮಿನುಗಿಸುತ್ತ ಬರುತ್ತಿತ್ತು. ರಾಮಾನುಜ ಬ್ರೇಕ್ ಒತ್ತಿದ. ಇಂಜಿನ್ ಕಿರುಚಿತು. ಅವರು ಬಿಟ್ಟ ಜಾಗಕ್ಕೆ ಹಿಂದಿನ ಲಾರಿ ಆಗಲೇ ಮೂತಿ ತೂರಿಸಿತ್ತು.

"ವೈರು ಬಿಡೇ!"

"ಬ್ರೇಕು ಬಿಡೋ!"

"ಸಾಯ್ತೀವಿ ಗೋದಾ!"

"ನಿಂತ್ರೆ ಸಾಯ್ತೀವಿ!"

ರಾಮಾನುಜ ಕಣ್ಣುಮುಚ್ಚಿ ಬ್ರೇಕು ಬಿಟ್ಟ. ಬಸ್ಸಿಗೂ ಎತ್ತಿನ ಕೊಂಬಿಗೂ ನಡುವೆ ಒಂದು ಸೀರೆ ಸೆರಗು ಹಾಯುವಷ್ಟು ಸಂದು. ಮೋಟಾರ್ ಸೈಕಲ್ಲು ಅದರಲ್ಲೇ ತೂರಿ ಆಚೆ ಬಂತು.

"ಕಣ್ಣ ಎಲ್ ಮಡಗಿದ್ದೀಯ್ಲಾ? ನನ್ ಎತ್ತು ಬೆದರೋದ್ವಲ್ಲಾ!" ಕಬ್ಬಿನ ಗಾಡಿ ಹೊಡೆಯುತ್ತಿದ್ದ ಚಿಕ್ಕಬೋರಯ್ಯ ಹಿಂದಿನಿಂದ ಕೂಗಿದ.

ಆಮೇಲೆ ಗೋದಮ್ಮ ಅಣ್ಣನ ಭುಜದ ಮೇಲಿಂದ ರಸ್ತೆ ನೋಡುತ್ತ, ಸಂದು ಕಂಡಾಗ ಎಳೆದಳು, ಕಾಣದಾಗ ಸಡಿಲಿಸಿದಳು. "ಬಲಕ್ಕೆ" ಅಂದರೆ ಬಲಕ್ಕೆ ತಿರುಗಿಸಿದ. "ಈಗ ಬ್ರೇಕು" ಅಂದರೆ ಬ್ರೇಕು.

ಮಂಡ್ಯ ಸೇರಿದಾಗ ಹನ್ನೊಂದಕ್ಕೆ ಇನ್ನು ಎರಡು ನಿಮಿಷ. ಪರೀಕ್ಷೆ ಕೋಣೆಯ ಬಾಗಿಲು ಮುಚ್ಚಲು ಬಂದ ಗುಮಾಸ್ತ, ಅವಳ ಜಡೆಗೆ ಸಿಕ್ಕಿದ್ದ ಸೋಗೆಯನ್ನೂ ಬೆರಳುಗಳ ಮೇಲಿನ ಕೆಂಪು ಬರೆಯನ್ನೂ ನೋಡಿ, ಹೇಗೆ ಬಂದಿರೆಂದು ಕೇಳಿ ತಿಳಿದು ಬಾಯಿಬಿಟ್ಟ.

"ಮದ್ದೂರಿಂದ ಈ ಕಬ್ಬಿನ ಗಾಡಿ ಮಧ್ಯೆ ಮೋಟಾರ್ ಸೈಕಲ್ಲಲ್ಲಿ ಬಂದ್ರಾ? ಯಾರಮ್ಮ ಓಡಿಸಿದ್ದು?"

ಗೋದಮ್ಮ ಬೆರಳುಗಳನ್ನು ಎರಡು ಸಲ ಮಡಿಸಿ ಬಿಡಿಸಿದಳು. ಒಳಗೆ ಹೋಗಿ ಟೈಪ್ ಮಿಷನ್ನಿಗೆ ಹಾಳೆ ಸಿಕ್ಕಿಸಿದಳು.

"ಅಣ್ಣ ಹ್ಯಾಂಡಲ್ ಹಿಡ್ಕೊಂಡಿದ್ದ ಸಾರ್."