ಅಷ್ಟೇ ದೂರ

"ಇಲ್ಲಿಂದ ಅಲ್ಲಿಗೆ ಎಷ್ಟು ದೂರಾನೋ ಅಲ್ಲಿಂದ ಇಲ್ಲಿಗೂ ಅಷ್ಟೇ ದೂರ ಕಣೇ. ನೀನೇ ಬಾ" ಎಂದು ಅಕ್ಕ ಫೋನಿಟ್ಟಳು. ಹೆಡ್ಮೇಡಂ ಆಗಿದ್ದವಳು, ನಿವೃತ್ತಳಾದರೂ ದನಿ ಇಳಿದಿರಲಿಲ್ಲ. ತಂಗಿ ಹೊಲಿಗೆ ಯಂತ್ರದ ಮುಂದೆ ಮುಖ ಊದಿಸಿಕೊಂಡು ಕೂತಳು. ಕಳೆದ ಸಲ ಹೋಗಿದ್ದವಳು ತಾನು. ಈಗ ಅಕ್ಕನ ಸರದಿ. ನಾಲ್ಕು ವರ್ಷದಿಂದ ಇದೇ ಹಗ್ಗಜಗ್ಗಾಟ, ಇಬ್ಬರೂ ಮುಖ ನೋಡಿಕೊಂಡಿಲ್ಲ.

ತಂಗಿಯ ಗಂಡ ಹವಾಮಾನ ಕಚೇರಿಯಲ್ಲಿ ಮೂವತ್ತು ವರ್ಷ ಗಾಳಿಯ ಲೆಕ್ಕ ಬರೆದವನು. ಪೇಪರಿನಿಂದ ತಲೆಯೆತ್ತದೆ, "ದೂರ ಒಂದೇ. ಹೊತ್ತು ಒಂದೇ ಅಲ್ಲ" ಎಂದ. "ಮೂರು ಸಾವಿರದ ಒಂಬೈನೂರು ಕಿಲೋಮೀಟರು. ವಿಮಾನ ಹಾರೋ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ನಿಮ್ಮಕ್ಕ ಇರೋದು ಪೂರ್ವಕ್ಕೆ. ನೀನು ಹೋದ್ರೆ ಗಾಳಿ ಬೆನ್ನಿಗಿರುತ್ತೆ, ನಾಲ್ಕು ಗಂಟೆ ಐವತ್ತು ನಿಮಿಷ. ನಿಮ್ಮಕ್ಕ ಬಂದ್ರೆ ಎದುರುಗಾಳಿ, ಐದು ಗಂಟೆ ನಲವತ್ತು."

"ಅಂದ್ರೆ ಅವಳಿಗೆ ಐವತ್ತು ನಿಮಿಷ ಜಾಸ್ತಿ ಕಷ್ಟ ಅನ್ನಿ."

"ಹೂಂ."

ತಂಗಿಗೆ ಅಷ್ಟೇ ಬೇಕಿತ್ತು. ಸುಲಭದ ದಾರಿ ತನ್ನದು, ಅದಕ್ಕೇ ಹೊರಟೆ ಎನ್ನಬಹುದು; ಸೋತು ಹೋದಳೆಂದು ಯಾರೂ ಆಡಿಕೊಳ್ಳುವಂತಿಲ್ಲ. ಅರ್ಧ ಹೊಲಿದ ಪರದೆಗಳನ್ನು ಮಡಚಿಟ್ಟಳು, ಗಿರಾಕಿಗಳಿಗೆ ಹದಿನೈದು ದಿನ ಬಿಟ್ಟು ಬನ್ನಿ ಎಂದಳು, ಮುಂದಿನ ವಾರವೇ ವಿಮಾನ ಹತ್ತಿದಳು. ಮೋಡದ ಮೇಲೆ ಕೂತು, ಅಕ್ಕನಿಗೆ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದಿಟ್ಟುಕೊಂಡಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಶಾಲೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದವಳು ಈಗ ಎರಡೂ ಕೈಯಲ್ಲಿ ವಾಕರ್ ಹಿಡಿದಿದ್ದಳು.

"ಏನಕ್ಕಾ ಇದು? ಯಾವಾಗಿಂದ?"

"ಎರಡು ವರ್ಷ ಆಯ್ತು. ಮಂಡಿ ಕೈ ಕೊಡ್ತು."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅಯ್ಯೋ ಪಾಪ ಅಂತ ಓಡಿ ಬರ್ತಿದ್ದೆ. ನಂಗೆ ಜಗಳ ಆಡ್ಕೊಂಡು ಬರೋ ತಂಗೀನೇ ಬೇಕಿತ್ತು."

ಮಸೆದಿಟ್ಟ ಮಾತೆಲ್ಲ ಬಿಟ್ಟು ತಂಗಿ ಅಕ್ಕನ ಸೀರೆಯ ನೆರಿಗೆ ಸರಿಮಾಡುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡಳು.

"ನಾನೇನು ಮನೇಲಿ ಕೂತು ಕಾದಿಲ್ಲ" ಎಂದಳು ಅಕ್ಕ ಬೀಗುತ್ತ. "ಪಕ್ಕದ್ಮನೆಯವರ ಕಾರು ನಿಂತಿರೋದು ನೋಡು, ಅಲ್ಲಿ, ಮರದ ಕೆಳಗೆ. ಇಲ್ಲಿಗೆ ಇನ್ನೂರು ಹೆಜ್ಜೆ. ಅರ್ಧ ಗಂಟೆ ಹಿಡೀತು. ಯಾರ ಕೈಯೂ ಹಿಡೀಲಿಲ್ಲ."

ತಂಗಿ ಚೀಲವನ್ನು ಹೆಗಲಿಗೇರಿಸಿ ಪಕ್ಕದಲ್ಲಿ ಹೆಜ್ಜೆ ಹಾಕಿದಳು. ಹಿಂದಿನಿಂದ ಬಂದವರೆಲ್ಲ ದಾಟಿಕೊಂಡು ಹೋದರು. ಅದೇ ಇನ್ನೂರು ಹೆಜ್ಜೆಗೆ ಈ ಸಲ ಮುಕ್ಕಾಲು ಗಂಟೆ ಹಿಡಿಯಿತು. ಮಾತು ಬಂದಾಗಲೆಲ್ಲ ಇಬ್ಬರೂ ನಿಂತುಬಿಡುತ್ತಿದ್ದರು.